ಹನ್ನೊಂದಕ್ಕ ಕೂಗಿದ್ದು

ಸೈರನ್ ಕೂಗಿದ್ದು ಹನ್ನೊಂದಕ್ಕಂತ.
ಮೋನಮ್ಮನ ಜೋಳ ಆಗಷ್ಟ ಸುರವಿದ್ದೆ,
ಬೆಲ್ಟು ಸಡ್ಲಾಗಿ ಪಟಪಟ ಬಡೀತಿತ್ತು,
ಕಲ್ಲು ಮೊನ್ನೆ ಕುಟ್ಟಿಸಿದ್ದು, ಹೊಸ ಹಲ್ಲಿನ ಸಪ್ಪಳ.
ಈ ಗಿರಣಿಯೊಳಗ ಹದಿನೆಂಟು ವರ್ಷ ಆತು
ನನಗ ಮಂದಿ ತುಟಿ ಕಾಣತಾವ, ಮಾತು ಕೇಳಸೂದಿಲ್ಲ.

ಡಬ್ಬಿ ಹೊತ್ತು ಮೋನಮ್ಮ ಹೊರಬಿದ್ದಳು,
ಚಿಲ್ಲರ ಕೊಡಾಕ ಹಿಂದ ನಾನು.
ಓಣಿ ಖಾಲಿ. ಬಾಗಲ ಹಾರು ಹೊಡದಾವ,
ಯಾರದೋ ಒಲಿ ಮ್ಯಾಲ ಬ್ಯಾಳಿ ಸೀದ ವಾಸನಿ.
ಹಳದಿ ಟೊಪ್ಪಿಗಿಯ ಹುಡುಗ ಓಡಿ ಬಂದು
ಕೊರಳಿಗೆ ರಟ್ಟಿನ ಚೀಟಿ ಕಟ್ಟಿದ:
ಮೋನಮ್ಮ ಮೂರು, ನಾನು ನಾಕು.
'ನೀವು ಸತ್ತೀರಿ ಕಾಕಾ,' ಅಂದ, ನಾಚಿಕೊಂಡು,
'ಹತ್ತು ನಿಮಿಷದ ಹಿಂದ.'

ಮೋನಮ್ಮ ಡಬ್ಬಿ ಇಳಸಲಿಲ್ಲ.
'ಸತ್ತಾಕಿ ರೊಟ್ಟಿ ಬಡಿಯೂದದ, ದಾರಿ ಬಿಡು.'

ತೊಗರಿ ಹೊಲದ ಆಚಿಗೆ ಮೂರು ಬಿಳಿ ಟಾಕಿ.
ಒಳಗಿರೂದರ ಹೆಸರು ಸಾಹೇಬರು ಎರಡು ಸಲ ಹೇಳಿದರು,
ನಮ್ಮ ನಾಲಿಗಿ ಹೊರಳಲಿಲ್ಲ.
ಅಲ್ಲೇ ದುಡಿಯೋ ನಮ್ಮ ಹುಡುಗರು
ನೆಲ ನೋಡಿದರು.

ಸಾಲಿ ಪಡಸಾಲಿಯಾಗ ನಕ್ಷೆ ಹಚ್ಚಿದ್ರು.
ಹಸಿ ಅರಬಿ ಮೂಗಿಗೆ. ಗಾಳಿಗೆ ಅಡ್ಡ ಓಡ್ರಿ, ಗಾಳಿ ಸಂಗಾಟ ಅಲ್ಲ.
'ಈಗ ಗಾಳಿ ಯಾವ ಕಡಿಂದ?'
ಸಾಹೇಬರು ಮೊಬೈಲ್ ತಿಕ್ಕತಿದ್ರು, ನೆಟ್ವರ್ಕ್ ಇಲ್ಲ.
ಹಳ್ಳೆಮ್ಮ ಎದ್ದು ಒಂದು ಚಿಟಗಿ ಮಣ್ಣು ತಗೊಂಡಳು,
ನಲವತ್ತು ಸುಗ್ಗಿ ರಾಶಿ ತೂರಿದ ಕೈ,
ಎದಿ ಮಟ ಎತ್ತಿ ಬಿಟ್ಟಳು.
'ಪಡುವಲದ್ದು. ಹೊತ್ತು ಮುಣುಗೂದಕ್ಕ ತಿರಗತದ.
ಕಾರ್ತೀಕದ ರಾತ್ರಿ ಮಾತ್ರ ಗಾಳಿ ಮಲಗತದ ನೋಡ್ರಿ,
ಕೂಗಿ ಕರದ್ರೂ ಏಳೂದಿಲ್ಲ.
ಅವತ್ತು ಏನು ಮಾಡೂದು?'

ಪೆನ್ನು ನಿಂತಿತು.
'ತಗ್ಗಿನ್ಯಾಗ ಇರಬ್ಯಾಡ್ರಿ,' ಅಂದ್ರು ಸಾಹೇಬರು, 'ಎತ್ತರಕ್ಕ ಹತ್ತರಿ.
ಗುಡಿ ಕಟ್ಟಿ ಇಲ್ಲಿ, ಕೆಂಪು ಗುರ್ತು.'

ತಗ್ಗಿನ ಓಣಿಯೋರು ಒಬ್ಬರ ಮಾರಿ ಒಬ್ಬರು ನೋಡಿದರು.
ಎಂಟನೇತ್ತ ಓದೋ ಮರೆಪ್ಪನ ಮಗಳು ಕೈ ಎತ್ತಿ ಕೇಳಿತು:
'ಆ ಕಟ್ಟಿ ನಾವೂ ಹತ್ತಬಹುದೇನ್ರಿ ಸರ್?'

ಪಡಸಾಲಿಯಾಗ ಫ್ಯಾನಿನ ಸಪ್ಪಳ.
ಕಟ್ಟಿ ಮ್ಯಾಲ ದಿನಾ ಕೂಡೋರು ಕೆಮ್ಮಿದರು.
ಸಾಹೇಬರು ರಬ್ಬರ್ ತಗದು ಕೆಂಪು ಗುರ್ತು ಅಳಿಸಿ
ರೈಲು ಹಳಿಯ ದಿಬ್ಬದ ಮ್ಯಾಲ ಹಚ್ಚಿದರು.
ಒಂದು ಮಾತಿಗೆ ಅಂಜಿ
ಊರಿಗೆ ಊರೇ ಅರ್ಧ ಮೈಲು
ಹೆಚ್ಚಿಗಿ ಓಡಬೇಕಾತು.

ಗ್ವಾಡಿ ಮ್ಯಾಲ ಈಗ ಸುಣ್ಣದಾಗ ಬರದಾರ
ಯಾರನ್ನ ಯಾರು ಎತ್ತಬೇಕಂತ.
ಬಸುರಿ ತಾಯಮ್ಮನ ಮುಂದ ಮಾಸ್ತರ ಮೋಟಾರು.
ಹಫೀಜಾಬಿ, ಮಂಚ ಬಿಟ್ಟು ಏಳಲಾರದಾಕಿ,
ಆಕಿ ಹೆಸರಿನ ಮುಂದ: ಗಿರಣಿ ಮಶಾಕ.

ನಾನಂದೆ, ಅಲ್ರೀ, ನನಗೇ ಕೇಳಸೂದಿಲ್ಲ.

ಲೈನ್‌ಮನ್ ಸಾಬಣ್ಣನ ಮಗ ವಾಯರ್ ಎಳದ,
ಸಾಲಿಯಿಂದ ನನ್ನ ತನಕ, ಬೇವಿನ ಟೊಂಗಿ ಹಿಡದು.
ಜೋಳ ಸುರವೋ ಬಾಯಿ ಮ್ಯಾಲೇ
ಒಂದು ಕೆಂಪು ಬಲ್ಬು ತೂಗಿ ಬಿಟ್ಟ.
'ಸೈರನ್ ಕೂಗಿದ್ರ ಇದು ಹತ್ತತದ ಕಾಕಾ.'
ಒಂದು ಸಲ ಹಚ್ಚಿ ತೋರಿಸಿದ.
ಹಿಟ್ಟಿನ ಹೊಗಿಯೊಳಗ ನಾವಿಬ್ಬರೂ ಕೆಂಪಗಾದ್ವಿ.

ಬೆಲ್ಟಿನ ಸಪ್ಪಳಕ್ಕ ಬೆನ್ನು ಮಾಡಿ
ದಿನಾ ಮುಂಜಾನಿ ಸ್ಟೂಲ್ ಹತ್ತತೀನಿ.
ಒಂದು ದಿನ ಬಿಟ್ಟರ ಸಾಕು,
ಜೋಳದ ಹಿಟ್ಟು ಕೂತು ಬಲ್ಬು ಬೆಳ್ಳಗಾಗತದ.
ತೋಳಿನ ಅಂಗಿಲೆ ಒರಸತೀನಿ.
ಆ ಕಡಿ ಹಫೀಜಾಬಿ ಮನಿಗೆ
ಇಪ್ಪತ್ತಾರು ಹೆಜ್ಜಿ. ಎಣಿಸೀನಿ.
ಆಕಿನ್ನ ಎತಗೊಂಡ ಮ್ಯಾಲ ಎಷ್ಟು ಆಗತಾವೋ,
ಅದೊಂದು ಇನ್ನೂ ಎಣಿಸಿಲ್ಲ.